ಗಂಡನಿಗೆ ಮೂರು ಪಾಳಿ, ಹೆಂಡತಿಗೆ ಆಫೀಸು, ಏಳು ತಿಂಗಳ ಕೂಸು: ಕೆಲಸದ ಕಡೆ ಏನು ಕೇಳಬೇಕು?

ನವನಗರದಿಂದ (ಪ್ರಶ್ನೆ)
ಮನೆ ಹುಬ್ಬಳ್ಳಿಯ ನವನಗರದಲ್ಲಿ. ಗಂಡನಿಗೆ ತಾರಿಹಾಳದ ಫ್ಯಾಕ್ಟರಿಯಲ್ಲಿ ವಾರಕ್ಕೊಮ್ಮೆ ಬದಲಾಗುವ ಪಾಳಿ: 6–2, 2–10, 10–6. ಹೆಂಡತಿಗೆ ಧಾರವಾಡದಲ್ಲಿ ಖಾಸಗಿ ಕಚೇರಿ, 9:30ರಿಂದ 6. ಅಲ್ಲಿ 60 ಮಂದಿ, ಹೆಂಗಸರು 11. ಹೆರಿಗೆ ರಜೆ 26 ವಾರ ಮುಗಿದಿದೆ, ಮನೆಯಲ್ಲಿ ಹಿರಿಯರಿಲ್ಲ. ಎರಡೂ ಕಡೆ "ಏನು ಬೇಕು ಹೇಳ್ರಿ, ನೋಡೋಣ" ಅಂದಿದ್ದಾರೆ. ಏನು ಕೇಳಿದರೆ ಮನೆಗೆ ನಿಜವಾಗಿ ಉಪಯೋಗ?

ಪಾಳಿಪಟ್ಟಿ (ಉತ್ತರ)
ಮೊದಲ ಒಂದು ಹಾಳ್ಯಾಗ ಮೂರು ವಾರದ ಲೆಕ್ಕ ಬರೀರಿ. 6–2ರ ವಾರ ಅಪ್ಪ 3ರೊಳಗ ಮನ್ಯಾಗ. ಆಯಾ ಬೇಕಾಗೂದು ಮುಂಜಾನೆ 9ರಿಂದ 3. 2–10ರ ವಾರ ಮಧ್ಯಾಹ್ನ 1ರಿಂದ ಸಂಜಿ 7ರ ತನಕ. ಲೆಕ್ಕ ತಪ್ಪೂದು ರಾತ್ರಿ ಪಾಳಿ ವಾರದಾಗ. "ಹಗಲೆಲ್ಲಾ ಮನ್ಯಾಗ ಇರ್ತಾನಲ್ಲ" ಅಂತ ಕೂಸನ್ನ ಅವನ ಮಗ್ಗಲಾಗ ಬಿಟ್ಟು ಹೋಗ್ತಾರ. ಮುಂಜಾನೆ 7ಕ್ಕ ಬಂದಾಂವ ನಿದ್ದಿ ಮಾಡ್ಲಿಲ್ಲಂದ್ರ ಮೂರನೇ ರಾತ್ರಿ ಮಷಿನ್ ಮುಂದ ತೂಕಡಸ್ತಾನ. ಕೈ ಹೋಗೂ ಮಾತದು.

ಅದಕ್ಕ ಎರಡ ಬೇಡಿಕಿ. ಫ್ಯಾಕ್ಟರಿಗೆ: ಪಾಳಿ ಪಟ್ಟಿ ತಿಂಗಳ ಮೊದಲ ಕೊಡ್ರಿ, ಬದಲಾದ್ರ ಮೂರು ದಿನ ಮುಂಚೆ ಹೇಳ್ರಿ. ಕಚೇರಿಗೆ: ರಾತ್ರಿ ಪಾಳಿ ವಾರ ಅಷ್ಟ, ಮೂರು ದಿನ ಮನೆಯಿಂದ ಕೆಲಸ. "ಯಾವಾಗಲೂ ಅನುಕೂಲ ಮಾಡಿಕೊಡ್ರಿ" ಅಂದ್ರ ಒಲ್ಲೆ ಅನ್ನಾಂವ ತಾರೀಖು ಹಾಕಿ ಕೇಳಿದ್ರ ಒಪ್ಕೋತಾನ. ಆದ್ರ ಮನೆಯಿಂದ ಕೆಲಸ ಅಂದ್ರ ಕೂಸು ನೋಡ್ಕೊಳ್ಳೂದಲ್ಲ. ಆ ವಾರವೂ 9ರಿಂದ 2ರ ತನಕ ಆಯಾ ಬೇಕ ಬೇಕು.

ಎಚ್‌ಆರ್ ಮೇಜು
50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಕಡ್ಡಾಯ. ಇಲ್ಲಿ ಬಹಳ ಕಡೆ "ನಮ್ಮಲ್ಲಿ 50 ಹೆಂಗಸರಿಲ್ಲ" ಅಂತ ಜಾರಿಕೊಳ್ಳುತ್ತಾರೆ. ಎಣಿಕೆ ಗಂಡಸರನ್ನೂ ಸೇರಿಸಿ, ಹೀಗಾಗಿ 60 ಮಂದಿಯ ಕಚೇರಿ ಅದರೊಳಗೆ ಬರುತ್ತದೆ. ವಿಶ್ರಾಂತಿ ಸಮಯ ಸೇರಿ ದಿನಕ್ಕೆ ನಾಲ್ಕು ಸಲ ತಾಯಿ ಅಲ್ಲಿಗೆ ಹೋಗಿಬರಬಹುದು. ಕೂಸಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ಎರಡು ಬಿಡುವು ಬೇರೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಸೇರಿದ ಶಿಶುಪಾಲನಾ ನಿಯಮ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಮನೆಯಿಂದ ಕೆಲಸ ಮಾತ್ರ ಹಕ್ಕಲ್ಲ, ಇಬ್ಬರೂ ಒಪ್ಪಬೇಕು. ಖಾಸಗಿಯಲ್ಲಿ ಅಪ್ಪನಿಗೆ ಕಾನೂನಿನ ರಜೆ ಇಲ್ಲ. ರಾಜ್ಯ ಸರ್ಕಾರಿ ನೌಕರರಿಗಾದರೆ 15 ದಿನ.

ಏನೇ ಕೇಳಿದರೂ ಮೇಲ್‌ನಲ್ಲಿ ಕೇಳಿ: ಯಾವ ತಾರೀಖು, ಎಷ್ಟರಿಂದ ಎಷ್ಟು, ಆ ಹೊತ್ತಿನ ಫೋನು ಯಾರು ಎತ್ತುತ್ತಾರೆ, ಮೂರು ತಿಂಗಳು ನೋಡೋಣ ಅಂತ. ಉತ್ತರವೂ ಮೇಲ್‌ನಲ್ಲೇ ಬರಲಿ. ಬಾಯಿಮಾತಿನ ಒಪ್ಪಿಗೆ ಸಾಹೇಬರು ಬದಲಾದ ದಿನವೇ ಮುಗಿಯಿತು.

ನವನಗರದಿಂದ
ಹಾಗಾದರೆ ಆಯಾ ಬಿಟ್ಟು ಕಚೇರಿ ಹತ್ತಿರದ ಕೇಂದ್ರಕ್ಕೇ ಹಾಕುವುದಾ?

ಪಾಳಿಪಟ್ಟಿ
ಕೂಸನ್ನ ದಿನಾ ಎರಡು ಹೊತ್ತು ತುಂಬಿದ ಚಿಗರಿ (ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್) ಬಸ್ಸಿನಾಗ ಒಯ್ಯಬೇಕಾಗ್ತದ. ಮ್ಯಾಲೆ ತಾರಿಹಾಳ ಚಿಗರಿ ದಾರಿ ಮ್ಯಾಲಿಲ್ಲ. 2ಕ್ಕ ಪಾಳಿ ಬಿಟ್ಟಾಂವ ಧಾರವಾಡಕ್ಕ ಹೋಗಿ ಕರ್ಕೊಂಡು ಬರಬೇಕು. ನವನಗರದಾಗ ಅರ್ಧ ದಿನಕ್ಕ ಒಪ್ಪೋ ಆಯಾ ಸಿಕ್ರ ಅದ ಚಲೋ. ಪಗಾರ ಮಾತ್ರ ತಿಂಗಳಿಗೆ ಮಾತಾಡ್ರಿ. ತಾಸಿನ ಲೆಕ್ಕ ಹಾಕಿದ್ರ, ಹೊತ್ತು ಬದಲಾದಾಗೆಲ್ಲ ಜಗಳ.

ತವರು ಧಾರವಾಡ
ಕೂಸು ಮನೆಯಲ್ಲಿದ್ದರೆ ಕಚೇರಿಯಲ್ಲಿ ಇನ್ನೆರಡು ಕೇಳಿ: ಒಳಗಿಂದ ಚಿಲಕ ಹಾಕುವ ಕೋಣೆ, ಫ್ರಿಜ್ಜಿನಲ್ಲಿ ಒಂದು ಮೂಲೆ. ಹಿಂಡಿದ ಹಾಲು 25 ಡಿಗ್ರಿಯೊಳಗಿದ್ದರೆ ಹೊರಗೆ 4 ತಾಸು, ಫ್ರಿಜ್ಜಿನಲ್ಲಿ 4 ದಿನ ತಡೆಯುತ್ತದೆ. ಏಪ್ರಿಲ್‌ನ ನಮ್ಮ ಬಿಸಿಲಿಗೆ ಆ 4 ತಾಸನ್ನು ನಂಬಬೇಡಿ. ಐಸ್ ಪ್ಯಾಕ್ ಇಟ್ಟ ಚೀಲದಲ್ಲೇ ಬಸ್ಸು ಹತ್ತಿ. ಡಬ್ಬಿಯ ಮೇಲೆ ತಾರೀಖು, ಹೊತ್ತು ಬರೆದ ಪಟ್ಟಿ ಅಂಟಿಸಿ. ಮುಚ್ಚಳದ ಮೇಲೆ ಬೇಡ, ಮುಚ್ಚಳ ಅದಲುಬದಲಾಗುತ್ತವೆ. ಕುದಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಲು ಆಯಾಗೆ ಒಮ್ಮೆ ಮಾಡಿ ತೋರಿಸಿ.

ಎಚ್‌ಆರ್ ಮೇಜು
ಒಂದು ಬಿಟ್ಟಿದ್ದೆ. ಹೆಂಡತಿಯ ಕಚೇರಿಯಷ್ಟೇ ಸಡಿಲ ಕೊಟ್ಟರೆ ಜ್ವರ, ಲಸಿಕೆ, ಗ್ಯಾಸ್ ಸಿಲಿಂಡರ್ ಎಲ್ಲಾ ಅವಳ ತಲೆಗೇ ಬೀಳುತ್ತದೆ. ಲಸಿಕೆಯ ದಿನಗಳನ್ನು ಅಪ್ಪನ 2–10ರ ವಾರಕ್ಕೆ ಹಾಕಿಸಿ. ಆಯಾ ಹತ್ತಿರವೂ, ಡಾಕ್ಟರ ಚೀಟಿಯ ಮೇಲೂ ಇಬ್ಬರ ನಂಬರೂ ಇರಲಿ, 2–10ರ ವಾರ ಅಪ್ಪನದು ಮೇಲೆ.