ಅಜ್ಜಿಯ ಬೆಳ್ಳಿ ತುಪ್ಪದ ಮಿಳ್ಳೆ: ಅಂಗಡಿಗೆ ಹಾಕಬೇಕಾ, ಇಟ್ಟುಕೊಳ್ಳಬೇಕಾ?

ಕಾಫಿತೋಟದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಜ್ಜಿ ತೀರಿಕೊಂಡು ಒಂದು ವರ್ಷವಾಯಿತು. ಮೊನ್ನೆ ಅವರ ಟ್ರಂಕ್ ತೆಗೆದಾಗ ಹಳೇ ಪಂಚೆಯಲ್ಲಿ ಸುತ್ತಿಟ್ಟ ಬೆಳ್ಳಿ ಸಾಮಾನು ಸಿಕ್ಕಿತು. ಒಂದು ತುಪ್ಪದ ಮಿಳ್ಳೆ, ಅಮ್ಮನಿಗೂ ನನಗೂ ಹಾಲು ಕುಡಿಸಿದ ಒಳಲೆ, ಒಂದು ಪನ್ನೀರುದಾನಿ, ಎರಡು ದೊಡ್ಡ ಬಡಿಸುವ ಚಮಚ. ತಾತ ಚಿಕ್ಕಮಗಳೂರಿನ ಹತ್ತಿರ ಎಸ್ಟೇಟ್ ರೈಟರ್ ಆಗಿದ್ದರು, ಎಸ್ಟೇಟಿನ ಇಂಗ್ಲಿಷ್ ದೊರೆ ತಮ್ಮ ಊರಿಗೆ ಹೊರಟಾಗ ಆ ಚಮಚಗಳನ್ನು ಕೊಟ್ಟು ಹೋದರಂತೆ. ಒಂದರ ಹಿಂದೆ ಸಿಂಹ, ಲಂಗರು, ಒಂದು ಅಕ್ಷರ, ಯಾರದೋ ತಲೆ, ಹೀಗೆ ಸಣ್ಣ ಸಣ್ಣ ಮುದ್ರೆಗಳಿವೆ. ಇನ್ನೊಂದರಲ್ಲಿ ಇ.ಪಿ.ಎನ್.ಎಸ್. ಅಂತ ಇದೆ.

ಅಂಗಡಿಯವರು ತೂಗಿ ನೋಡಿದರು. ಮಿಳ್ಳೆ 174 ಗ್ರಾಂ. ಬೆಳ್ಳಿ ಪೂರ್ತಿ ಶುದ್ಧ ಇಲ್ಲ, 91-92 ಬರುತ್ತೆ, ಮುದ್ರೆಯೂ ಇಲ್ಲ, ಕರಗಿಸಿ ಹೊಸ ದೀಪ ತಗೊಳ್ಳಿ ಅಂದರು. ಅಮ್ಮ ಹೂಂ ಅನ್ನುತ್ತಿದ್ದಾರೆ. ನನಗೆ ಒಂಚೂರೂ ಮನಸ್ಸಿಲ್ಲ. ಮಿಳ್ಳೆಯ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು ಕೊರೆದಿದೆ. ಎಲ್ಲಾ ಕಪ್ಪಾಗಿದೆ, ಹೇಗೆ ತೊಳೆಯಲಿ? ಪನ್ನೀರುದಾನಿ ನನಗೆ ಬೇಕು ಅಂತ ಅಮೆರಿಕದಲ್ಲಿರುವ ತಮ್ಮ ಕೇಳುತ್ತಿದ್ದಾನೆ, ಕಳಿಸಬಹುದಾ?

ಹಳೇಪೇಟೆ:
ದಯವಿಟ್ಟು ಕರಗಿಸಬೇಡಿ ಮೇಡಂ. ನಾನು 20 ವರ್ಷದಿಂದ ಅಡುಗೆಮನೆಯ ಹಳೇ ಬೆಳ್ಳಿ ಕೂಡಿಡುತ್ತಿದ್ದೇನೆ, ನೀವು ಬರೆದ ತೂಕ ನೋಡಿದ ತಕ್ಷಣ ಲೆಕ್ಕ ಹಾಕಿದೆ. ಒಂದು ತೊಲ ಅಂದರೆ 11.66 ಗ್ರಾಂ. 15 ತೊಲ ಅಂದರೆ 175 ಗ್ರಾಂ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅದರಲ್ಲಿ 12ಕ್ಕೆ 11 ಪಾಲು ಬೆಳ್ಳಿ, ಅಂದರೆ ನೂರಕ್ಕೆ 91.7. 1940ರಲ್ಲಿ ಬೆಳ್ಳಿಯ ಪಾಲನ್ನು ನೂರಕ್ಕೆ 50ಕ್ಕೆ ಇಳಿಸಿದರು. ಆಗೆಲ್ಲ ಜನ ರೂಪಾಯಿ ನಾಣ್ಯಗಳನ್ನೇ ಅಕ್ಕಸಾಲಿಗರ ಕೈಗೆ ಕೊಟ್ಟು ಪಾತ್ರೆ ಮಾಡಿಸುತ್ತಿದ್ದರು. ನಿಮ್ಮ ಮಿಳ್ಳೆ 15 ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದಿರಬಹುದು! ಅಂಗಡಿಯವರು ಕೊರತೆ ಅಂತ ತೋರಿಸಿದ ಆ 91-92 ಇದೆಯಲ್ಲ, ನನಗೆ ಅದೇ ದೊಡ್ಡ ಗುರುತು.

ಮುದ್ರೆ ಇಲ್ಲ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಸರ್ಕಾರಿ ಮುದ್ರೆ, ಬಂದಿದ್ದೇ 2005ರಲ್ಲಿ.

ಇನ್ನು ಚಮಚ. ನಡೆಯುವ ಸಿಂಹ ಅಂದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮಿನ ಗುರುತು, ಸಮುದ್ರವೇ ಇಲ್ಲದ ಊರಿಗೆ ಲಂಗರು, ಅಲ್ವಾ? ಆ ತಲೆ ರಾಜನದೋ ರಾಣಿಯದೋ ಇರಬೇಕು, ಸುಂಕ ಕಟ್ಟಿದೆ ಅನ್ನುವುದಕ್ಕೆ 1784ರಿಂದ 1890ರವರೆಗೆ ಒತ್ತುತ್ತಿದ್ದರು. ಹಾಗಾಗಿ ಚಮಚ ಬಹುಶಃ 1890ರ ಈಚಿನದಲ್ಲ. ಆ ಅಕ್ಷರ ವರ್ಷದ ಗುರುತು. ಅದರ ಆಕಾರ, ಸುತ್ತಲಿನ ಚೌಕಟ್ಟು ಎರಡೂ ಕಾಣುವ ಹಾಗೆ ಫೋಟೋ ಹಾಕಿ, ಬರ್ಮಿಂಗ್‌ಹ್ಯಾಮಿನ ಪಟ್ಟಿ ನೋಡಿ ಇಸವಿಯನ್ನೇ ಹೇಳುತ್ತೇನೆ. ಇ.ಪಿ.ಎನ್.ಎಸ್. ಇರುವುದು ಬೆಳ್ಳಿಯಲ್ಲ, ನಿಕಲ್ ಸೇರಿದ ಲೋಹಕ್ಕೆ ಬೆಳ್ಳಿಯ ತೆಳು ಲೇಪ ಅಷ್ಟೇ. ಲೇಪ ಹೋಗದ ಹಾಗೆ ಮೆತ್ತಗೆ ಒರೆಸಿ ದಿನಾ ಬಳಸಿ.

ಸುಣ್ಣದಡಬ್ಬಿ:
ತೊಳೆಯುವುದರ ಬಗ್ಗೆ ನಾನು ಹೇಳುತ್ತೇನೆ ತಂಗಿ, ಯಾಕೆಂದರೆ ನನ್ನ ಕೈಯಲ್ಲೇ ಒಂದು ಹಾಳಾಗಿದೆ. ಅತ್ತೆಯವರ ಹೂಬಳ್ಳಿ ಕೆತ್ತನೆಯ ಬಟ್ಟಲನ್ನು ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿಗೆ ಹಾಕಿ ತೆಗೆದೆ. ಫಳಫಳ ಹೊಳೆಯಿತು, ಆದರೆ ಕೆತ್ತನೆಯ ಸಂದಿಯಲ್ಲಿದ್ದ ಕಪ್ಪೂ ಹೋಗಿ ಹೂವು ಬಳ್ಳಿ ಎಲ್ಲಾ ಸಪ್ಪೆಯಾಗಿಬಿಟ್ಟವು. ಆ ಕಪ್ಪು ನೆರಳಿನ ಹಾಗೆ, ಅದಿದ್ದರೇ ಕೆತ್ತನೆ ಎದ್ದು ಕಾಣುವುದು. ಇವತ್ತಿಗೂ ಬೇಜಾರಾಗುತ್ತೆ. ನಿಮ್ಮ ಪನ್ನೀರುದಾನಿಯ ಹೂವಿನ ತಲೆಗೆ ಖಂಡಿತ ಹಾಗೆ ಮಾಡಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಬೆಚ್ಚಗಿನ ನೀರು, ಮೆತ್ತನೆ ಹತ್ತಿ ಬಟ್ಟೆ, ಸಾಕು. ಟೂತ್‌ಪೇಸ್ಟ್ ಬೇಡವೇ ಬೇಡ, ಸಣ್ಣ ಗೀರು ಬೀಳುತ್ತೆ. ತಳದಲ್ಲಿ ಹೆಸರಿರುವ ಜಾಗ ಉಜ್ಜಲೇಬೇಡಿ, ಚುಕ್ಕಿ ಅಕ್ಷರ ಬೇಗ ಸವೆಯುತ್ತೆ.

ಮೊಟ್ಟೆಯಲ್ಲಿ ಗಂಧಕ ಇರುತ್ತೆ, ತಾಗಿದರೆ ಕಪ್ಪಾಗುತ್ತೆ. ಉಪ್ಪು ಬೆಳ್ಳಿಯನ್ನು ತಿನ್ನುತ್ತೆ, ಹಾಗಾಗಿ ಉಪ್ಪಿನಕಾಯಿಯನ್ನು ಬೆಳ್ಳಿ ಬಟ್ಟಲಲ್ಲಿ ಇಡಬೇಡಿ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ, ಅದರದೇ ಗೆರೆ ಮೂಡುತ್ತೆ. ತುಪ್ಪಕ್ಕೆ ಏನೂ ತೊಂದರೆ ಇಲ್ಲ, ಮಿಳ್ಳೆ ಧಾರಾಳವಾಗಿ ಬಳಸಿ.

ಡಲ್ಲಾಸ್ ಕನ್ನಡಿಗ:
ಪನ್ನೀರುದಾನಿ ವಿಷಯ ಸ್ವಲ್ಪ ಜೋಪಾನ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುಗಳನ್ನು ನಾವು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಅಷ್ಟು ಹಳೆಯದಲ್ಲ ಅನ್ನಿಸಿದರೂ ಮೊದಲು ಪುರಾತತ್ವ ಇಲಾಖೆಗೆ ತೋರಿಸಿ, ಇದು ಪುರಾತನ ವಸ್ತು ಅಲ್ಲ ಅಂತ ಪತ್ರ ತಗೊಳ್ಳಿ. ನಾನು ನನ್ನ ಅಜ್ಜಿಯ ಹರಿವಾಣವನ್ನು ಊರಲ್ಲೇ ಬಿಟ್ಟು ಬಂದೆ. ಈಗ ರಜಕ್ಕೆ ಹೋದಾಗ ಅದರಲ್ಲೇ ಊಟ, ಮಕ್ಕಳಿಗೂ ಅದೇ ಬೇಕು.

ಕಾಫಿತೋಟದ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರೂಪಾಯಿ ಲೆಕ್ಕವನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು, ಆಮೇಲೆ ಎದ್ದು ಹೋಗಿ ಮಿಳ್ಳೆಯನ್ನು ತಂದು ಮೇಜಿನ ಮೇಲಿಟ್ಟರು, ನಾಳೆ ಹೋಳಿಗೆ ಮಾಡುತ್ತೇನೆ ಅಂದರು. ತಮ್ಮನಿಗೆ ಪನ್ನೀರುದಾನಿ ಇಲ್ಲೇ ಇರುತ್ತೆ ಅಂತ ಹೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಇನ್ನೊಂದು ಪ್ರಶ್ನೆ. ಮಿಳ್ಳೆಯ ಮೂತಿ ಸೇರುವ ಕಡೆ ಹನಿ ಹನಿ ಜಿನುಗುತ್ತಿದೆ. ಸರಿ ಮಾಡಿಸಬಹುದಾ?

ಹಳೇಪೇಟೆ:
ಆರಾಮಾಗಿ ಮಾಡಿಸಬಹುದು. ಬೆಳ್ಳಿ ಬೆಸುಗೆಯನ್ನೇ ಹಾಕಿ ಅಂತ ಬಾಯಿಬಿಟ್ಟು ಹೇಳಿ. ಸೀಸ, ತವರದ ಬೆಸುಗೆ ಬೇಡ, ಅದು ಬೆಳ್ಳಿಯನ್ನು ಹಾಳು ಮಾಡುತ್ತೆ, ಮೇಲಾಗಿ ಇದು ತುಪ್ಪ ಹಾಕುವ ಪಾತ್ರೆ. ಬೆಂಗಳೂರಿಗೆ ಬಂದರೆ ನಗರ್ತಪೇಟೆ ಕಡೆ ಕೈಕೆಲಸದವರನ್ನು ವಿಚಾರಿಸಿ, ಪಾಲಿಶ್ ಮಾತ್ರ ಮಾಡಬೇಡಿ ಅಂತ ಮೊದಲೇ ಹೇಳಿಬಿಡಿ. ಚಮಚದ ಫೋಟೋ ಮರೆಯಬೇಡಿ, ಕಾಯುತ್ತಿದ್ದೇನೆ.