ಒಂದೇ ಚಿಂತೆ ತಲೆಯಲ್ಲಿ ಸುತ್ತುತ್ತಿದ್ದರೆ ದೂರ ನಿಂತು ನೋಡೋದು ಹೇಗೆ?

ಪ್ರಶ್ನೆ – ಮುಂಗಾರು

ಕೆಲಸ, ದುಡ್ಡು, ಮನೆಯವರ ಆರೋಗ್ಯ, ಯಾವುದಾದರೂ ಒಂದು ತಲೆಗೆ ಹೊಕ್ಕರೆ ಗಂಟೆಗಟ್ಟಲೆ ಅದೇ ಗುಂಗು. "ಸ್ವಲ್ಪ ದೂರ ನಿಂತು ನೋಡು" ಅಂತ ಎಲ್ಲರೂ ಹೇಳ್ತಾರೆ. ಹಾಗಂದ್ರೆ ನಿಜವಾಗಿ ಮಾಡಬೇಕಾದ್ದು ಏನು? ಯೋಚಿಸಬಾರದು ಅಂದುಕೊಂಡಷ್ಟೂ ಅದು ಹೆಚ್ಚುತ್ತೆ. ದೀರ್ಘವಾಗಿ ಉಸಿರಾಡಿದರೆ ತಲೆ ಸುತ್ತುತ್ತೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ – ಹೊಂಗೆನೆರಳು

"ಯೋಚಿಸಬಾರದು" ಅನ್ನೋ ಹಟವನ್ನ ಮೊದಲು ಬಿಡಿ. ಚಿಂತೆ ಬಂತಾ ಅಂತ ಕಾಯೋದಕ್ಕೇ ಮನಸ್ಸು ಅದನ್ನ ನೆನೆಸಿಕೊಳ್ಳಬೇಕಾಗುತ್ತೆ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಬಿಳಿ ಕರಡಿಯನ್ನು ನೆನೆಯಬೇಡಿ ಅಂತ ಹೇಳಿ ನಡೆಸಿದ ಪ್ರಯೋಗದಲ್ಲಿ, ಹಾಗೆ ತಡೆಹಿಡಿದವರಿಗೆ ಆಮೇಲೆ ಕರಡಿ ಇನ್ನೂ ಹೆಚ್ಚಾಗಿ ನೆನಪಾಯಿತು.

ಆದ್ದರಿಂದ ತಡೆಯಬೇಡಿ, ಮುಂದೂಡಿ. ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ತಂಡ 1983ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ದಿನಾ ಒಂದೇ ಹೊತ್ತು, ಒಂದೇ ಜಾಗ, 30 ನಿಮಿಷ ಚಿಂತೆಗೇ ಮೀಸಲು. ಶುರುವಿಗೆ 15 ನಿಮಿಷ ಸಾಕು. ಮಿಕ್ಕ ಹೊತ್ತಿನಲ್ಲಿ ಚಿಂತೆ ಬಂದರೆ ಒಂದೇ ಸಾಲು ಬರೆದಿಟ್ಟು ಕೆಲಸಕ್ಕೆ ಮರಳಿ. ಮೂರನೇ ಸಾಲಿಗೆ ಹೋದಿರಿ ಅಂದ್ರೆ ಅಲ್ಲೇ ಚಿಂತಿಸೋಕೆ ಕೂತಿದ್ದೀರಿ ಅಂತ ಅರ್ಥ.

ಮೀಸಲಿಟ್ಟ ಹೊತ್ತಿನಲ್ಲಿ ಪಟ್ಟಿ ತೆಗೆಯಿರಿ. ಅಷ್ಟರಲ್ಲಿ ಬಿಸಿ ಆರಿದ್ದನ್ನ ಹೊಡೆದುಹಾಕಿ. ಉಳಿದದ್ದರಲ್ಲಿ ನಿಮ್ಮ ಕೈಲಾಗೋದಿದ್ದರೆ ಮುಂದಿನ ಒಂದು ಸಣ್ಣ ಕೆಲಸವನ್ನ ದಿನ, ಗಂಟೆ ಸಮೇತ ಬರೆಯಿರಿ. ಕೈಲಾಗದ್ದಕ್ಕೆ "ಕೈಲಿಲ್ಲ" ಅಂತ ಗುರುತು ಹಾಕಿ. ಅಲಾರಂ ಹೊಡೆದ ಕೂಡಲೇ ಎದ್ದುಬಿಡಿ. ಹಾಸಿಗೆಯ ಮೇಲೆ ಮಾತ್ರ ಬೇಡ: ಆ ಜಾಗವೇ ಚಿಂತೆಯನ್ನ ಕರೆಯೋಕೆ ಶುರುಮಾಡುತ್ತೆ. ಮಲಗೋದಕ್ಕೆ ಎರಡು ಗಂಟೆ ಮೊದಲೇ ಮುಗಿಸಿ.

ಹೆಚ್ಚಿನವರು ಎಡವೋದು ಒಂದು ಕಡೆ. ಮನಸ್ಸು ಹಗುರಾಗಿದ್ದ ದಿನ ಕೂರೋದನ್ನೇ ಬಿಡ್ತಾರೆ. "ಆಮೇಲೆ ನೋಡೋಣ" ಅನ್ನೋ ಮಾತಿನ ಮೇಲೆ ಮನಸ್ಸಿಗೆ ನಂಬಿಕೆ ಹೋದರೆ ಮುಂದೂಡೋಕೆ ಆಗಲ್ಲ.

ಉತ್ತರ – ತಿಳಿಗೊಳ

ತಲೆಸುತ್ತಿನ ಬಗ್ಗೆ. ಎದೆ ತುಂಬ, ಬೇಗಬೇಗ ಉಸಿರೆಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ಮೆದುಳಿನ ರಕ್ತನಾಳ ಕುಗ್ಗುತ್ತೆ. ತಲೆ ಸುತ್ತೋದು, ಬೆರಳು ಜುಮುಗುಡೋದು ಅದರಿಂದಲೇ. ಕಡಿಮೆ ಗಾಳಿ ಎಳೆಯಿರಿ, ನಿಧಾನವಾಗಿ ಎಳೆಯಿರಿ. ಮೂಗಿನಲ್ಲಿ 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ. ನಿಮಿಷಕ್ಕೆ 6 ಉಸಿರು, 5 ನಿಮಿಷ. ಹೊಟ್ಟೆ ಮೇಲಿಟ್ಟ ಕೈ ಮಾತ್ರ ಏಳಬೇಕು, ಭುಜ ಏಳಬಾರದು. ಉಸಿರು ಬಿಡುವಾಗ ಹೃದಯಬಡಿತ ನಿಧಾನವಾಗುತ್ತೆ, ಅದಕ್ಕೇ ಬಿಡೋ ಅವಧಿ ಉದ್ದ. ಕಷ್ಟವಾದರೆ 3 ಸೆಕೆಂಡ್ ಒಳಗೆ, 4 ಸೆಕೆಂಡ್ ಹೊರಗೆ ಅಂತ ಶುರುಮಾಡಿ. ಇದರಿಂದ ಚಿಂತೆ ಬಗೆಹರಿಯಲ್ಲ, ಯೋಚಿಸುವಷ್ಟು ಮೈ ತಣ್ಣಗಾಗುತ್ತೆ, ಅಷ್ಟೇ. ಆ ಅಷ್ಟೂ ದೊಡ್ಡದೇ.

ಉತ್ತರ – ಏಣಿಮೆಟ್ಟಿಲು

ದೂರ ನಿಲ್ಲೋದಕ್ಕೆ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತಿತರರು ಪರೀಕ್ಷಿಸಿದ ಸುಲಭ ದಾರಿ ಒಂದಿದೆ: "ನಾನು" ಬಿಟ್ಟು ನಿಮ್ಮ ಹೆಸರಲ್ಲೇ ಯೋಚಿಸೋದು. ನಿಮ್ಮ ಹೆಸರು ಸುಮಾ ಅಂತಿಟ್ಟುಕೊಳ್ಳಿ, "ಸುಮಾ ನಾಳೆಯ ಸಂದರ್ಶನಕ್ಕೆ ಹೆದರಿದ್ದಾಳೆ. ಅವಳ ಕೈಲಿ ಈಗ ಏನಿದೆ?" ಅಂತ ಬರೆಯಿರಿ. ಬೇರೆಯವರಿಗೆ ಬುದ್ಧಿ ಹೇಳುವಾಗಿನ ಸಮಾಧಾನ ನಮ್ಮ ವಿಷಯಕ್ಕೂ ಬರುತ್ತೆ. "ನನಗೇ ಯಾಕೆ ಹೀಗೆ?" ಅನ್ನೋದು ಮತ್ತೆ ಅದೇ ಸುಳಿಗೆ ಎಳೆಯುತ್ತೆ. ಏನಾಯಿತು, ಮುಂದೇನು, ಯಾವಾಗ ಅಂತ ಕೇಳಿ.

ಇದು ಒಂದು ವಾರ ಕಳೆದ ಮೇಲೆ, ಒಂದು ವರ್ಷ ಕಳೆದ ಮೇಲೆ ಹೇಗೆ ಕಾಣುತ್ತೆ ಅಂತಲೂ ಎರಡೆರಡು ಸಾಲು ಬರೆಯಬಹುದು. ಆದರೆ ನಾಳೆಯೇ ಕಟ್ಟಬೇಕಾದ ಕಂತಿಗೆ ಈ ಉಪಾಯ ಬಳಸಬೇಡಿ. ಅಲ್ಲಿ ಬೇಕಿರೋದು ಒಂದು ಫೋನ್ ಕರೆ.

ಮುಂಗಾರು

ತುಂಬಾ ಉಪಕಾರ. ರಾತ್ರಿ 3ಕ್ಕೆ ಎಚ್ಚರವಾಗಿ ಶುರುವಾದರೆ?

ಹೊಂಗೆನೆರಳು

ಗಡಿಯಾರ ನೋಡಬೇಡಿ. ಸುಮಾರು 20 ನಿಮಿಷ ಆಯ್ತು ಅನ್ನಿಸಿಯೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ, ಮಂದ ಬೆಳಕಲ್ಲಿ, ರುಚಿಯಿಲ್ಲದ್ದೇನಾದರೂ ಓದಿ. ತೂಕಡಿಕೆ ಬಂದಮೇಲೆ ಮಲಗಿ. ಮೊಬೈಲ್ ಬೇಡ. ಮಲಗೋ ಮುಂಚೆ 5 ನಿಮಿಷ ನಾಳೆಯ ಕೆಲಸಗಳ ಪಟ್ಟಿ ಬರೆಯೋದೂ ನೆರವಾಗುತ್ತೆ.

ತಿಳಿಗೊಳ

ಒಂದು ಮಾತು ಸೇರಿಸ್ತೀನಿ. ಹೆಚ್ಚುಕಡಿಮೆ ದಿನಾ, 6 ತಿಂಗಳಿಂದ ಹೀಗೇ ಇದ್ದು ನಿದ್ದೆ, ಕೆಲಸ ಕೆಡುತ್ತಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಹೆಚ್ಚಾದರೂ ಎದೆಬಡಿತ, ಕಳವಳ ಬರುತ್ತೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಬದುಕೇ ಬೇಡ ಅನ್ನೋ ಯೋಚನೆ ಬಂದರೆ 6 ತಿಂಗಳ ಲೆಕ್ಕ ಬೇಡ, ಅವತ್ತೇ ಹೋಗಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.