ಕನ್ನಡ ಅಕ್ಷರ ವಾಲಿಸಿದರೆ ‘ತೀರ್ಥಹಳ್ಳಿ’ ಯಾಕೆ ಕೆಡುತ್ತೆ?

ಪ್ರಶ್ನೆ: ಅಡಿಕೆ ಬಟ್ಟೆಚೀಲಕ್ಕೆ ಲೇಬಲ್. ಇಂಗ್ಲಿಷ್ ಹೆಸರು ತೆಳು, ಕೋನಕೋನದ ಇಟಾಲಿಕ್ (ಬಲಕ್ಕೆ ವಾಲಿದ) ಸಾನ್ಸ್ (ತುದಿಗೆರೆಗಳಿಲ್ಲದ) ಅಕ್ಷರದಲ್ಲಿದೆ. ಜೊತೆಗಿಡಲು ನೋಟೋ ಸಾನ್ಸ್ ಕನ್ನಡ ಫಾಂಟನ್ನು 12 ಡಿಗ್ರಿ ವಾಲಿಸಿದೆ. ‘ಳ್ಳಿ’ ವಿಕಾರವಾಗಿದೆ.

ಉತ್ತರ 1: ಆ ಫಾಂಟಿನಲ್ಲಿ ಇಟಾಲಿಕ್ ಇಲ್ಲ, ಸಾಫ್ಟ್‌ವೇರ್ ಸುಮ್ಮನೆ ಓರೆ ಮಾಡುತ್ತೆ. ಪಾದರೇಖೆಯ (ಅಕ್ಷರಗಳು ಕೂರುವ ಗೆರೆ) ಮೇಲಿನದು ಬಲಕ್ಕೆ, ಕೆಳಗಿನದು ಎಡಕ್ಕೆ ಸರಿಯುತ್ತೆ. 5 ಮಿ.ಮೀ. ಕೆಳಗಿರುವ ಒತ್ತು ಸುಮಾರು 1 ಮಿ.ಮೀ. ಎಡಕ್ಕೆ! ದುಂಡು ಅಕ್ಷರದಲ್ಲಿ ಬಲಮೇಲ್ಭಾಗ ದಪ್ಪ, ಎಡಮೇಲ್ಭಾಗ ಸಣಕಲು. 6 ಡಿಗ್ರಿಗೆ ಇಳಿಸಿ, ಔಟ್‌ಲೈನ್ ಮಾಡಿ (ಅಕ್ಷರವನ್ನು ಆಕಾರವಾಗಿ ಬದಲಿಸಿ), ಒತ್ತನ್ನು ಕೈಯಲ್ಲೇ ಬಲಕ್ಕೆ ತಳ್ಳಿ.

ಉತ್ತರ 2: ನನ್ನ ಕೇಳಿದರೆ ಕನ್ನಡ ನೆಟ್ಟಗೇ ಇರಲಿ. ಅನೇಕ್ ಕನ್ನಡ ಫಾಂಟಿನ ಲೈಟ್ (ತೆಳು) ರೂಪ ಹಾಕಿ, ಗೆರೆಯ ದಪ್ಪ ಮಾತ್ರ ಹೊಂದಿಸಿ. ಸ್ಕ್ರೀನ್ ಪ್ರಿಂಟಾದರೆ ಅರ್ಧ ಮಿ.ಮೀ.ಗಿಂತ ತೆಳು ಗೆರೆ ಬೇಡ, ಬಟ್ಟೆಯ ನೇಯ್ಗೆಯಲ್ಲಿ ತುಂಡಾಗುತ್ತೆ.